ಬರ್ತೇನೆ ಮಗಾ

ದನಿ ನಕಲು ಮಾಡುವುದು ನನ್ನ ಚಟ. ಈ ಸಂಗತಿ ಮಾತ್ರ ಅಸಲಿ.

ಅಮೆರಿಕದ ಬ್ಯಾಂಕುಗಳು ಮುಳುಗಿದ ವರ್ಷ ಎಡಿಸನ್ ಊರಿನ ಸೇಸಪ್ಪ ಅಂಕಲ್ ಕೆಲಸ ಕಳೆದುಕೊಂಡು, ಮೀನು ಹಿಡಿಯಲು ಹೋಗಿ ನ್ಯೂಜೆರ್ಸಿಯ ಕಡಲಲ್ಲಿ ಕಾಣೆಯಾದರು. ಅವರ ಮಗ ಸುಜಿತ್ ಮತ್ತು ನಾನು ಕರಾವಳಿ ಗಸ್ತು ಹಡಗಿನ ಸಿಬ್ಬಂದಿ. ಹುಡುಕಾಟ ನಿಲ್ಲಿಸಿರೆಂದು ಆದೇಶ ಬಂದ ಮಧ್ಯಾಹ್ನ ಅವನು ಡೆಕ್ಕಿನ ಬೆಂಚಿನ ಮೇಲೆ ಕಲ್ಲಾಗಿ ಕೂತಿದ್ದ.

ನಗಿಸೋಣವೆಂದು ಮೇಲಿನ ಚುಕ್ಕಾಣಿ ಕೋಣೆಯ ಮೈಕಿನಲ್ಲಿ ಅವರಪ್ಪನ ದನಿ ತೆಗೆದೆ. ಮನೆಯಿಂದ ಹೊರಡುವಾಗ ಅವರು ಹೇಳುತ್ತಿದ್ದುದು ಒಂದೇ ಮಾತು: "ಬರ್ತೇನೆ ಮಗಾ."

"ಹೋಗಿ ಬನ್ನಿ" ಎನ್ನಬೇಕಿದ್ದ ಸುಜಿತ್, "ಬನ್ನಿ ಅಪ್ಪ, ಬೇಗ ಬನ್ನಿ" ಎಂದು ಪಕ್ಕಕ್ಕೆ ಸರಿದು ಕೂತ.

ಕೆಳಗೆ ಓಡಿದೆ. ಜೂನ್ ಬಿಸಿಲಲ್ಲೂ ಬೆಂಚಿನ ಕಂಬಿ ಮಂಜಿನಂತೆ ಕೈ ಕೊರೆಯಿತು. ಅವನು ಪಕ್ಕದಲ್ಲಿ ತೆರವು ಮಾಡಿಕೊಟ್ಟ ಜಾಗದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಲೋ, ಅದು ನಾನು ಕಣೋ! ಮಿಮಿಕ್ರಿ!" ಎಂದು ಪೆಚ್ಚಾಗಿ ನಕ್ಕೆ.

"ಗೊತ್ತುಂಟು ಮಾರಾಯಾ. ಕೂತ್ಕೋ, ಅಪ್ಪನ ಆಚೆ ಬದಿ ಜಾಗ ಉಂಟು" ಎಂದ ಸುಜಿತ್, ನನಗಿಂತ ಜೋರಾಗಿ, ಡೆಕ್ಕೆಲ್ಲ ಕೇಳುವಂತೆ ನಕ್ಕ.