ಹಸಿರು ಖಣದಲ್ಲಿ ಸುತ್ತಿ ಬಂದ ಪುಸ್ತಕ

"ಇಂದುಬಾಯಿ ಅನ್ನೋರ ಮನಿ ಇದೇನ್ರಿ?"

ಅಂಗಳ ಸಾರಿಸುತ್ತಿದ್ದ ಇಂದು ತಟ್ಟನೆ ತಲೆ ಎತ್ತಿದಳು. ಮೊಣಕೈವರೆಗೆ ಸಗಣಿ, ಕಣ್ಣಿಗೆ ಜಾರಿದ ಕೂದಲು... ಹಿಂದಕ್ಕೆ ಸರಿಸಲೂ ಆಗುವಂತಿಲ್ಲ!

ಎದುರಿಗೆ ಖಾಕಿ ಅಂಗಿಯ ಎತ್ತರದ ಯುವಕ. ಹೆಗಲಿಗೆ ಕಂಡಕ್ಟರನ ಚರ್ಮದ ಚೀಲ. ಅವನ ಪಕ್ಕದಲ್ಲಿ ಹತ್ತು ಹನ್ನೊಂದರ ಹುಡುಗಿ. ಅವಳು ಎದೆಗೆ ಅವುಚಿ ಹಿಡಿದ ಒಂದು ಗಂಟು, ಹಸಿರು ಖಣದ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿದ್ದು.

"ನಾನ ಇಂದುಬಾಯಿ. ಏನಾಗಬೇಕಿತ್ರಿ?"

ಅವನು ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ.

'ಯಾಕ ಹಿಂಗ ನೋಡಾಕತ್ತಾನ?'

"ಕಾಕಾ, ಹಣಿಗಿ ಸಗಣಿ ಹತ್ತೇತಿ ಅಂತ ಹೇಳು ಅವರಿಗಿ," ಎಂದಳು ಹುಡುಗಿ.

ಅವನಿಗೆ ಎಚ್ಚರವಾಯಿತು. "ನಾನು ಸಿದ್ದರಾಯ್ರಿ, ಸಿಂದಗಿಯಾಂವ. ಈಕಿ ನಮ್ಮಣ್ಣನ ಮಗಳು ಲಕ್ಕವ್ವ. ನಮ್ಮ ಬಾಜೂ ಮನಿ ಮಾಬುಬಿ ಅವರು ಇದನ್ನ ನಿಮಗ ಮುಟ್ಟಸಂದಾರ್ರಿ."

ಮಾಬುಬಿ...!

ಇಂಡಿ ಊರಿನ ಸಾಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬೆಳೆದವರು ಅವರು. ಮಾಬುಬಿ ಮದುವೆಯಾಗಿ ಸಿಂದಗಿಗೆ ಹೋದಳು. ಸುದ್ದಿ ಬರುವುದೂ ಕಡಿಮೆಯಾಯಿತು. "ಹೆಣ್ಮಕ್ಕಳ ಗೆಳೆತನ ಲಗ್ನದ ಅಕ್ಕಿಕಾಳು ಬೀಳೂತನಕ" ಎಂದು ಓಣಿಯ ಹೆಂಗಸರು ಅನ್ನುವಾಗಲೆಲ್ಲ ಇಂದು ಅಲ್ಲಿಂದ ಎದ್ದು ಬರುತ್ತಿದ್ದಳು. ಅದು ಖರೇನೇ ಆದರೆ?

ಕೈ ಸಗಣಿಯಾಗಿದ್ದರಿಂದ ಅವಳ ಅವ್ವ ಶಂಕ್ರೆವ್ವ ಹೊರಬಂದು ಗಂಟು ತೆಗೆದುಕೊಂಡಳು. ಬಿಚ್ಚಿದಳು. ಕೊಬ್ಬರಿ ಬಟ್ಟಲು, ಸಕ್ಕರೆ ಪೊಟ್ಟಣ...

"ಯವ್ವ ಯವ್ವಾ! ಖಣ, ಕೊಬ್ಬರಿ, ಸಕ್ಕರಿ!"

ಗಂಡಿನ ಮನೆಯಿಂದ ಈ ಮೂರೂ ಕೂಡಿ ಬಂದರೆ ಅರ್ಥ ಒಂದೇ. ಹೆಣ್ಣು ಕೇಳಲು ಬಂದಿದ್ದಾರೆ!

"ಇಂದೂನ ಅಪ್ಪಾ! ಲಗೂ ಬರ್ರಿ, ಬೀಗರ ಕಡಿಯವರು ಬಂದಾರ!"

ಗುರಪ್ಪ ಟವೆಲ್ ಹೊದ್ದು ಓಡಿ ಬಂದ. ಸಿದ್ದರಾಯನನ್ನು ಕಂಬಳಿಯ ಮೇಲೆ ಕೂರಿಸಿಯೇಬಿಟ್ಟ.

"ಹೊಲ ಐತೇನ್ರಿ?"

"ಐತ್ರಿ..."

"ನೀರು?"

"ಒಂದು ಬಾವಿ ಐತ್ರಿ. ಯಾಕ್ರಿ?"

"ಚಟಾ ಏನರ?"

"ಚಾ ಒಂದ ನೋಡ್ರಿ."

ಅಡುಗೆಮನೆ ಬಾಗಿಲ ಹಿಂದೆ ಇಂದು ಕಿವಿಗೊಟ್ಟು ನಿಂತಿದ್ದಳು. 'ತನ್ನ ಲಗ್ನ ತಾನ ಕೇಳಾಕ ಬಂದಾನ! ಎಂಥಾ ಧೈರ್ಯ!' ಸಿಟ್ಟು ಬರಬೇಕಿತ್ತು. ತುಟಿ ಮಾತ್ರ ತಾನಾಗಿಯೇ ನಗುತ್ತಿತ್ತು.

"ಹಂಗಾದ್ರ ಲಗ್ನ ಯಾವಾಗ ಇಟ್ಕೊಳ್ಳೂಣು?" ಗುರಪ್ಪ ಕೇಳಿದ.

"ಯಾರ ಲಗ್ನಾರಿ?"

ಲಕ್ಕವ್ವ ಖಣದ ಅಡಿಯಿಂದ ಒಂದು ಹಳೆಯ ಪುಸ್ತಕ ಎಳೆದಳು. "ನಾವು ಇದನ್ನ ಕೊಡಾಕ ಬಂದೇವ್ರಿ."

ಒಲೆಯ ಮೇಲೆ ಶಂಕ್ರೆವ್ವ ಬೀಗರಿಗೆಂದು ಹುರಿಯಲಿಟ್ಟಿದ್ದ ರವೆ ಸೀದ ವಾಸನೆ ಬಂತು.

ಸಿದ್ದರಾಯನ ಮುಖ ಕೆಂಪಾಯಿತು. "ತಪ್ಪ ತಿಳೀಬ್ಯಾಡ್ರಿ... ಹೆಣ್ಮಗಳ ಪುಸ್ತಕ, ಬರೇ ಕೊಡಬಾರದಂತ ನಮ್ಮವ್ವ ಕಟ್ಟಿ ಕೊಟ್ಟಾಳ್ರಿ."

ಇಂದು ಹೊರಗೆ ಬಂದಳು. ಪುಸ್ತಕ ನೋಡಿದಳು.

ಅದೇ ಪುಸ್ತಕ! ರಟ್ಟಿನ ಮೇಲೆ ಮಾಬುಬಿಯ ಹುಣಸೆಹಣ್ಣಿನ ಕಲೆ. ಒಂದೇ ಊರಿನ ಇಬ್ಬರು ಹುಡುಗಿಯರ ಕತೆ. ಜಗಳ, ಮುನಿಸು, ಒಂದೇ ಜೋಕಾಲಿ. ಕೊನೆಗೆ ಒಬ್ಬಳು ಗಾಡಿ ಹತ್ತಿ ಬೇರೆ ಊರಿಗೆ ಹೋಗುತ್ತಾಳೆ, ಇನ್ನೊಬ್ಬಳು ಗಾಡಿಯ ಹಿಂದೆ ಓಡುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ. ಬೇವಿನಮರದ ಕೆಳಗೆ ಎಡಪುಟ ಇಂದು ಹಿಡಿದರೆ ಬಲಪುಟ ಮಾಬುಬಿ ಹಿಡಿಯುತ್ತಿದ್ದಳು. ಗಂಡನ ಮನೆಗೆ ಹೊರಟ ದಿನ ಅದನ್ನು ಎದೆಗವುಚಿಕೊಂಡು, "ಇದು ನನ್ನ ಹಂತ್ಯಾಕ ಇರೂತನಕ ನೀ ನನ್ನ ಗೆಳತಿ" ಎಂದಿದ್ದಳು.

ಈಗ ಅದನ್ನೇ ಮರಳಿ ಕಳಿಸಿದ್ದಾಳೆ...

"ಮುಟ್ಟೇತಿ ಅಂತ ಹೇಳ್ರಿ ಆಕಿಗಿ. ಖಣ ಒಯ್ರಿ," ಎಂದಳು ಇಂದು.

"ಕೊಟ್ಟ ಖಣ ಹೊಳ್ಳಿ ಒಯ್ಯಬಾರದ್ರಿ," ಎಂದ ಅವನು ಮೆಲ್ಲಗೆ. ಇನ್ನೂ ಏನೋ ಹೇಳುವುದಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು, ಹೊರಟ.

ಲಕ್ಕವ್ವ ಮಾತ್ರ ಹೊಸ್ತಿಲಲ್ಲೇ ನಿಂತಳು. "ಅಕ್ಕಾರ... ಒಂದು ಮಾತು ಕೇಳಲೇನ್ರಿ?"

ಇಂದುವಿನ ತುಂಬಿದ ಕಣ್ಣು ಕಂಡು ಹುಡುಗಿ ಮಾತು ನುಂಗಿದಳು. ಪಾಪ, ಅವಳಿಗೂ ಒಂದು ಸಂಕಟವಿತ್ತು. ಅವಳ ಗೆಳತಿ ರಾಮವ್ವನ ಅಪ್ಪನಿಗೆ ಮುದ್ದೇಬಿಹಾಳದಲ್ಲಿ ನೌಕರಿ ಸಿಕ್ಕಿತ್ತು. ರಾಮವ್ವ ಊರು ಬಿಡುವವಳಿದ್ದಳು.

"ಆಮ್ಯಾಲೆ ಕೇಳ್ತೇನ್ರಿ," ಎಂದು ಓಡಿಬಿಟ್ಟಳು.

ಆ ಹಗಲೆಲ್ಲ ಇಂದು ಹೊರಗೆ ಬರಲಿಲ್ಲ. ಅರ್ಧ ಸಾರಿಸಿದ ಅಂಗಳ ಹಾಗೆಯೇ ಒಣಗಿತು.

ಬಿಸಿಲು ಇಳಿಯುವ ಹೊತ್ತಿಗೆ ಸಿಂದಗಿ ಬಸ್ಸು ಮತ್ತೆ ಬಂತು. ಓಣಿಯ ತುದಿಯಿಂದಲೇ ಒಂದು ದನಿ!

"ಏ ಇಂದೀ! ಸತ್ತೀಯೋ, ಬದುಕೀಯೋ?"

ಮಾಬುಬಿ! ಹಿಂದೆ ಸಿದ್ದರಾಯನ ತಾಯಿ ಹುಚ್ಚವ್ವ, ಲಕ್ಕವ್ವ. ಎಲ್ಲರಿಗಿಂತ ಹಿಂದೆ, ನೆಲ ನೋಡುತ್ತ ಸಿದ್ದರಾಯ.

"ಯಾಕ ಬಂದಿ? ಪುಸ್ತಕ ಹೊಳ್ಳಿ ಕಳಿಸಿದಾಕಿ!" ಇಂದು ಕಿರುಚಿದಳು.

"ಹುಚ್ಚಿ! ಪುಸ್ತಕ ಕಳಿಸಲಿಲ್ಲಂದ್ರ ಈ ಕಂಡಕ್ಟರನ್ನ ನಿಮ್ಮ ಬಾಗಲಕ ಹೆಂಗ ಕಳಿಸಲಿ? ಖಣದಾಗ ಕಟ್ರಿ ಅಂತ ಹುಚ್ಚವ್ವಗ ಹೇಳಿದಾಕಿ ನಾನ!"

"ಏನು?!"

ಹುಚ್ಚವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಮಗಗ ಹೇಳಿದ್ರ ನಾಚಿ ಬರತಿದ್ದಿಲ್ಲವ್ವಾ. ಅದಕ್ಕ ಹೇಳಲೇ ಇಲ್ಲ. ಹಿಂದಿಂದ ನಾವ ಬರೂದು ಅಂತ ಇತ್ತು."

"ನಮ್ಮ ಬಾಜೂ ಮನಿಗಿ ನೀ ಬಂದ್ರ ಎಡಪುಟ ಹಿಡಿಯಾಕ ನನಗ ಮಂದಿ ಸಿಗ್ತದಲೇ," ಎಂದಳು ಮಾಬುಬಿ. ಈಗ ಅವಳ ಕಣ್ಣೂ ಒದ್ದೆಯಾಗಿತ್ತು.

ಇಂದು ಗೆಳತಿಯ ಬೆನ್ನಿಗೆ ಗುದ್ದಿದಳು. ಆಮೇಲೆ ಅಪ್ಪಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

ಹಿರಿಯರು ಒಳಗೆ ಕೂತರು. ಅಂಗಳದ ಬೇವಿನಮರದ ಹತ್ತಿರ ಸಿದ್ದರಾಯ ಇಂದುವಿನೆದುರು ಮೆಲ್ಲಗೆ ಬಾಯಿಬಿಟ್ಟ.

"ಆ ಪುಸ್ತಕ ನಾನೂ ಓದೇನ್ರಿ, ಲಕ್ಕವ್ವನ ಜೋಡಿ. ಹುಡಿಗ್ಯಾರ ಕತಿ ಅಂತ ನಕ್ಕೊಂತ ಚಾಲೂ ಮಾಡಿದೆ... ಕಡೀಕ ಕಣ್ಣ ಒರಸಿಕೊಂಡೆ. ಮಾಬುಬಿ ಅವರು ದಿನಾ ನಿಮ್ಮ ಸುದ್ದಿ ಹೇಳತಿದ್ರು. ಮುಂಜಾನಿ ನಿಮ್ಮನ್ನ ನೋಡಿದಾಗ ಮಾತ ಹೊರಡಲಿಲ್ರಿ."

"ಹಣಿಗಿ ಸಗಣಿ ಇತ್ತಲ್ರಿ!"

"ಅದೂ ಚಂದ ಕಾಣತಿತ್ರಿ."

ಇಂದು ಫಕ್ಕನೆ ನಕ್ಕಳು.

"ಖರೇ ಹೇಳ್ರಿ... ನೀವು ಹೂಂ ಅಂದ್ರ ಯಾರ ಸಲುವಾಗಿ? ನನ್ನ ಸಲುವಾಗೋ, ಮಾಬುಬಿ ಸಲುವಾಗೋ?" ಎಂದ ಸಿದ್ದರಾಯ.

"ಅರ್ಧಾ ಮಾಬು ಸಲುವಾಗಿ..."

"ಇನ್ನರ್ಧಾ?"

"ಯಾಕ ಕೇಳತಾರ ಅನ್ನೂದ ಗೊತ್ತಿಲ್ಲದ 'ಒಂದು ಬಾವಿ ಐತ್ರಿ' ಅಂದ್ರಲ್ಲ, ಅವರ ಸಲುವಾಗಿ."

ಅವನ ಮುಖ ಅರಳಿತು. "ಅರ್ಧಾ ಕೊಟ್ರ ಸಾಕ್ರಿ. ಉಳಿದದ್ದು ನಾ ಗಳಿಸ್ತೇನಿ."

ಪಡಸಾಲೆಯಲ್ಲಿ ಶಂಕ್ರೆವ್ವ ಸಜ್ಜಕ ಬಡಿಸಿದಳು. ಈ ಸಲ ರವೆ ಸೀದಿರಲಿಲ್ಲ. ಇಂದು, ಮಾಬುಬಿ ಇಬ್ಬರಿಗೂ ಒಂದೇ ತಾಟು. ಸಾಲಿಯ ದಿನಗಳಂತೆಯೇ ಕೊನೆಯ ತುತ್ತಿಗೆ ಕಿತ್ತಾಟ!

ಲಕ್ಕವ್ವ ಕಂಬಕ್ಕೆ ಒರಗಿ ಅವರನ್ನೇ ನೋಡುತ್ತಿದ್ದಳು. ಪುಸ್ತಕ ಮತ್ತೆ ಅವಳ ಕೈಗೆ ಬಂದಿತ್ತು.

"ಬಾ ಇಲ್ಲೆ." ಇಬ್ಬರೂ ಸರಿದು ನಡುವೆ ಜಾಗ ಮಾಡಿದರು.

"ಮುಂಜಾನಿ ಏನೋ ಕೇಳಬೇಕಂದಿದ್ದೆಯಲ್ಲ?" ಇಂದು ಅವಳ ತಲೆ ಸವರಿದಳು.

"ಲಗ್ನದಾಗ ಉಡಾಕ ಹೊಸಾ ಪರಕಾರ ಲಂಗ ಬೇಕೇನಲೇ?" ಮಾಬುಬಿ ಕೆಣಕಿದಳು.

ಲಕ್ಕವ್ವ ತಲೆ ಅಲ್ಲಾಡಿಸಿದಳು. ಕೊನೆಯ ಪುಟ ತೆರೆದು ಗಾಡಿ ಹೋಗುವ ಸಾಲಿನ ಮೇಲೆ ಬೆರಳಿಟ್ಟಳು. ಒಮ್ಮೆ ಇಂದುವಿನ ಮುಖ, ಒಮ್ಮೆ ಮಾಬುಬಿಯ ಮುಖ ನೋಡಿದಳು.

"ಅಕ್ಕಾರ... ಗಾಡಿ ಹ್ವಾದಮ್ಯಾಲೂ ಅವರಿಬ್ರೂ ಗೆಳತ್ಯಾರಾಗೇ ಇದ್ರೇನ್ರಿ?"