ಕಾಡಸಿದ್ದಪ್ಪನ ಟ್ರಾನ್ಸ್‌ಫಾರ್ಮರ್

ಇದು ಎಪ್ಪತ್ತೆಂಟರಲ್ಲಿ ನಡೆದದ್ದು. ತಿಪಟೂರಿನ ಊರೂರಿನವರೊಡನೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ಹವ್ಯಾಸಿ ಶಿವರುದ್ರಯ್ಯನ ಟ್ರಾನ್ಸ್‌ಮಿಟರ್‌ನಲ್ಲಿ, ದನಿಯನ್ನು ಅಲೆಗೆ ಸೇರಿಸುವ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಹೊಂದುವಂಥದ್ದು ಇದ್ದದ್ದು ಮಾಯಸಂದ್ರದಲ್ಲಿ, ತೀರಿಹೋದ ಗೆಳೆಯ ಕಾಡಸಿದ್ದಪ್ಪನ ಹ್ಯಾಮ್ ಸೆಟ್‌ನಲ್ಲಿ ಮಾತ್ರ. "ತುಕ್ಕು ಹಿಡಿದ ಕಬ್ಬಿಣ ಕಣಕ್ಕ, ಗುಜರಿಗೆ ಹಾಕ್ತೀನಿ" ಎಂದು ಗೆಳೆಯನ ಹೆಂಡತಿ ಗುರುಶಾಂತಮ್ಮನಿಗೆ ಸುಳ್ಳು ಹೇಳಿ ಬಿಚ್ಚಿ ತಂದ.

ತನ್ನ ವಾಲ್ವುಗಳಿಗೆ ಹೊಂದಿಸಿ ಎಷ್ಟು ಹೊತ್ತು ಮಾತಾಡಿದರೂ, ಬಿಸಿಯಾಗಬೇಕಿದ್ದ ಅದು ಬಾವಿಕಲ್ಲಿನಂತೆ ತಣ್ಣಗೇ ಇತ್ತು. ಮೈಸೂರಿನಿಂದ ಉತ್ತರಿಸಿದವರು ಕೇಳಿದರು: "ನಿಮ್ಮ ಪಕ್ಕ ಕೆಮ್ತಿರೋದು ಯಾರು ಸ್ವಾಮೀ?"

ಕೋಣೆಯಲ್ಲಿ ಅವನೊಬ್ಬನೇ ಇದ್ದ. ಕಾಡಸಿದ್ದಪ್ಪ ಸತ್ತದ್ದು ಕೆಮ್ಮಿ ಕೆಮ್ಮಿ.

ನಾಚಿಕೆಯಿಂದ ಕುಗ್ಗಿಹೋದ ಶಿವರುದ್ರಯ್ಯ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಹೊತ್ತು ಮಾಯಸಂದ್ರದ ಬಸ್ಸು ಹತ್ತಿದ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ತಪ್ಪಾಯ್ತು ಕಣಕ್ಕ" ಎಂದ.

"ಬುಡಪ್ಪ" ಎಂದಳು ಗುರುಶಾಂತಮ್ಮ. "ಈಗ್ತಾನೆ ನಮ್ಮ ಹಾಡು ಕೇಳೋ ರೇಡಿಯೋದಾಗೆ ಅವ್ರೇ ಅಂದ್ರು, 'ಶಿವರುದ್ರ ಬತ್ತಾವ್ನೆ, ಬಯ್ಬೇಡ ಕಣೇ' ಅಂತ."

ಬರುವುದನ್ನು ಅವನು ಯಾರಿಗೂ ಹೇಳಿರಲಿಲ್ಲ.