ಗೊತ್ತಿಲ್ಲದವರ ಗೋಡೆ

"ಗೊತ್ತಿಲ್ಲ."

ಮೂರನೇ ಸಲವೂ ಅದೇ ಉತ್ತರ! ಅವಳಿಗೆ ರೇಗಿಹೋಯಿತು. ಕಾಲೇಜು ತೋರಿಸಲು ಬಂದ ಈ ಸೀನಿಯರ್‌ಗೆ ಏನು ಕೇಳಿದರೂ ಗೊತ್ತಿಲ್ಲ. ಲ್ಯಾಬಿನ ಗಡಿಯಾರ ಯಾಕೆ ಹಿಂದೆ ಬೀಳುತ್ತದೆ? ಮೆಟ್ಟಿಲ ಕೆಳಗೆ ದನಿ ಯಾಕೆ ಎರಡೆರಡು ಸಲ ಕೇಳುತ್ತದೆ? ಇರುವೆಗಳು ಯಾಕೆ ಇದೊಂದೇ ಕಿಟಕಿಗೆ ಮುತ್ತುತ್ತವೆ? ಊಹೂಂ. ಅದರ ಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗೀಚಿಕೊಳ್ಳುವುದು ಬೇರೆ.

'ನನ್ನ ಪ್ರಶ್ನೆ ಅಂದ್ರೆ ಇವನಿಗೂ ತಮಾಷೆ...'

ಹಳೇ ಕಾಲೇಜಿನಲ್ಲಿ ಮೇಷ್ಟ್ರು ಒಮ್ಮೆ "ಇಷ್ಟೂ ಗೊತ್ತಿಲ್ವೇನಮ್ಮ?" ಅಂದಾಗ ಇಡೀ ಕ್ಲಾಸು ನಕ್ಕಿತ್ತು. ಆಮೇಲೆ ವರ್ಷವಿಡೀ ಅವಳು ಕೈ ಎತ್ತಿದ್ದರೆ ಕೇಳಿ. ಈಗ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಲು ಎರಡು ಕಾಲೇಜುಗಳು ಒಪ್ಪಿದ್ದವು. ಸಂಜೆ ಐದರೊಳಗೆ ಒಂದಕ್ಕೆ ಸಹಿ ಹಾಕಬೇಕು. ಬೆಳಿಗ್ಗೆ ನೋಡಿದ್ದು ಫಳಫಳ ಹೊಳೆಯುವ ಕಾಲೇಜು. ಅಲ್ಲಿ ಬಾಯಿ ತೆರೆಯುವ ಮೊದಲೇ ಉತ್ತರ ಸಿಗುತ್ತಿತ್ತು.

ಅಕ್ಕನ ಫೋನ್ ಬಂತು.

"ಏನಾಯ್ತೇ? ಇನ್ನು ಅರ್ಧ ಗಂಟೆ ಇದೆ ಅಷ್ಟೇ."

"ಬೆಳಿಗ್ಗೆ ನೋಡಿದ್ದೇ ಇರ್ಲಿ ಅಕ್ಕ. ಇಲ್ಲಿನವ್ರು ಮುಖ ಕೊಟ್ಟೂ ಮಾತಾಡಲ್ಲ."

ಕೇಳಿಸಿಕೊಂಡವನ ಮುಖ ಸಪ್ಪಗಾಯಿತು. "ಹೋಗೋಕೆ ಮುಂಚೆ ಎರಡೇ ನಿಮಿಷ... ಬರ್ತೀರಾ?"

ತಿರುವು ದಾಟಿದ್ದೇ ಅವಳು ನಿಂತುಬಿಟ್ಟಳು.

ಕಾರಿಡಾರಿನ ಉದ್ದಕ್ಕೂ ಕರಿಹಲಗೆ! ಹಲಗೆಯ ನೆತ್ತಿಯಲ್ಲಿ ಒಂದೇ ಪದ: 'ಗೊತ್ತಿಲ್ಲ'. ಕೆಳಗೆ ನೂರಾರು ಕೈಬರಹದ ಪ್ರಶ್ನೆಗಳು. ಒಣಗಿದ ಎಲೆ ಯಾಕೆ ಮಡಚಿಕೊಳ್ಳುತ್ತೆ ಅಂತ ಕೇಳಿದ್ದವರು ಸ್ವತಃ ಪ್ರಾಂಶುಪಾಲರು. ಉತ್ತರ ಬರೆದಿದ್ದವನು ತೋಟದ ಮಾಲಿ, ಕಾಗುಣಿತದ ತಪ್ಪುಗಳ ಸಮೇತ. ಅದರ ಕೆಳಗೆ ಪ್ರಾಂಶುಪಾಲರ ಅಕ್ಷರದಲ್ಲೇ, 'ಕಲಿತೆ'.

ಅವಳಿಗೆ ಮೈ ಜುಮ್ಮೆಂದಿತು.

ಅವನು ಪುಟ್ಟ ಪುಸ್ತಕ ತೆರೆದು, ಅವಳ ಮೂರೂ ಪ್ರಶ್ನೆಗಳನ್ನು ಸೀಮೆಸುಣ್ಣದಲ್ಲಿ ದುಂಡಗೆ ಬರೆದ.

"ಇಲ್ಲಿ ಗೊತ್ತಿಲ್ಲ ಅಂದ್ರೆ, ಗೋಡೆ ಮೇಲೆ ಬರೀತೀವಿ ಅಂತ ಅರ್ಥ. ನಮಗೆ ರೂಢಿ ನೋಡಿ, ನಿಮಗೆ ಹೇಳೋದೇ ಮರೆತೆ. ಮೂರು ವರ್ಷದಿಂದ ಆ ಮೆಟ್ಟಿಲು ಹತ್ತಿಳೀತಿದ್ದೀನಿ. ಒಂದ್ಸಲನೂ ನಿಮ್ಮ ಥರ ಕಿವಿಗೊಡಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಒಂದು ವರ್ಷ ನುಂಗಿಕೊಂಡ ಪ್ರಶ್ನೆಗಳಿಗೆಲ್ಲ ಇಲ್ಲಿ ಜಾಗವಿತ್ತು.

ಅವನು ಅಳುಕುತ್ತಲೇ ನಾಲ್ಕನೆಯದನ್ನೂ ಬರೆದ. 'ಇವರು ಇಲ್ಲೇ ಸೇರ್ತಾರಾ?'

ಅವಳು ಸೀಮೆಸುಣ್ಣ ಕಸಿದುಕೊಂಡು ಕೆಳಗೆ 'ಹೌದು' ಎಂದು ಬರೆದು, ಆಫೀಸಿನತ್ತ ಓಡಿದಳು. ಐದಕ್ಕೆ ನಾಲ್ಕು ನಿಮಿಷವಿರುವಾಗ ಸಹಿ ಬಿತ್ತು.

ಹೊರಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ, ಬೆರಳ ತುಂಬ ಸೀಮೆಸುಣ್ಣದ ಪುಡಿ.

"ಆ ನಾಲ್ಕನೇ ಪ್ರಶ್ನೆ ಕಾಲೇಜಿಂದಾ, ನಿಮ್ಮದಾ?"

"ನಂದೇ... ನೀವು ಇರುವೆ ನೋಡ್ತಾ ಬಗ್ಗಿ ನಿಂತಿದ್ರಲ್ಲ, ಆಗಿಂದ ನನ್ನ ಎದೆ ಹೀಗೇ ಹೊಡ್ಕೋತಿದೆ."

"ಯಾಕೆ?"

"ಗೊತ್ತಿಲ್ಲ," ಎಂದವನ ಕೈ ಅಭ್ಯಾಸಬಲದಿಂದ ಜೇಬಿನ ಪುಸ್ತಕಕ್ಕೆ ಹೋಯಿತು.

ಅವಳು ಮೆಲ್ಲಗೆ ಆ ಕೈ ಹಿಡಿದಳು. "ಇದನ್ನ ಗೋಡೆ ಮೇಲೆ ಬರೀಬೇಡಿ. ಇದರ ಉತ್ತರ ನಾವಿಬ್ಬರೇ ಹುಡುಕೋಣ."